ಇತ್ಯರ್ಥವೆಂದು ಬರೆದ ಪುಟ

ಚನ್ನರಾಯಪಟ್ಟಣದಲ್ಲಿ ನಾನು ಹನ್ನೊಂದು ವರ್ಷ ಕೂತು ಕೆಲಸ ಮಾಡಿದ ಕೋಣೆಗೆ ಈಗ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಆ ಬೀದಿಗೆ ಹೋಗಲೇಬೇಕಾದಾಗ ಎದುರು ಬದಿಯಲ್ಲಿ ಮುಖ ತಿರುಗಿಸಿಕೊಂಡು ನಡೆಯುತ್ತೇನೆ. ಅಂಗಡಿಯವನ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ತಿಂಗಳು ತಿಂಗಳು ಸರಿಯಾಗಿ ಬಾಡಿಗೆ ಕೊಡುತ್ತಾನಂತೆ. ನಾವು ಕೊಡುತ್ತಿರಲಿಲ್ಲ. ಸರ್ಕಾರದ ಅನುದಾನ ಬಂದರೆ ಐದಾರು ತಿಂಗಳದ್ದು ಒಟ್ಟಿಗೆ ಬರುತ್ತಿತ್ತು. ಬರದಿದ್ದರೆ ಮನೆ ಮಾಲೀಕರ ಕಣ್ಣು ತಪ್ಪಿಸಿಕೊಂಡು ಓಡಾಡುವುದೇ ನನ್ನ ಕೆಲಸವಾಗುತ್ತಿತ್ತು.

ಅದು ನೊಂದ ಹೆಣ್ಣುಮಕ್ಕಳ ನೆರವಿನ ಕೇಂದ್ರ. ನಾನು ಅಲ್ಲಿ ಆಪ್ತ ಸಮಾಲೋಚಕಿ. ಹೆಸರು ದೊಡ್ಡದು, ಸಂಬಳ ಚಿಕ್ಕದು. ಅದನ್ನೂ ಸಂಬಳ ಅನ್ನುವ ಹಾಗಿರಲಿಲ್ಲ, ಕಾಗದದಲ್ಲಿ ಅದು ಗೌರವಧನ. ಗೌರವ ಕೊಡುವವರಿಗೆ ಧನ ಕೊಡಲು ಮಾತ್ರ ನೆನಪಿರುತ್ತಿರಲಿಲ್ಲ ಎಂದು ನಾವು ನಾವೇ ಆಡಿಕೊಂಡು ನಗುತ್ತಿದ್ದೆವು. ಹೊಳೆನರಸೀಪುರದಲ್ಲಿ ಒಬ್ಬಳು, ಅರಕಲಗೂಡಿನಲ್ಲಿ ಒಬ್ಬಳು, ಇಲ್ಲಿ ನಾನು. ಹಾಸನದ ಮೀಟಿಂಗಿನಲ್ಲಿ ಸಿಕ್ಕಾಗ ಮೂವರೂ ಒಂದೇ ತಟ್ಟೆಯಲ್ಲಿ ಚುರುಮುರಿ ತಿನ್ನುವಷ್ಟು ಸಲಿಗೆ.

ನಮ್ಮಲ್ಲಿಗೆ ಹೆಂಗಸರು ಬರುತ್ತಿದ್ದದ್ದು ಸಂತೆಯ ದಿನ. ಮಿಕ್ಕ ದಿನ ಹಳ್ಳಿಯ ಹೆಂಗಸು ಸುಮ್ಮನೆ ಪಟ್ಟಣಕ್ಕೆ ಹೊರಟರೆ ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಹತ್ತು ಪ್ರಶ್ನೆ. ಸಂತೆಗೆ ಹೊರಟವಳನ್ನು ಯಾರೂ ಕೇಳುವುದಿಲ್ಲ, ಬೇಕಾದರೆ ನಮಗೂ ಎರಡು ಕಟ್ಟು ಸೊಪ್ಪು ತಾ ಅನ್ನುತ್ತಾರೆ ಅಷ್ಟೆ. ಅವರು ಮೊದಲು ಸಂತೆ ಮುಗಿಸಿ, ತುಂಬಿದ ಬ್ಯಾಗು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಖಾಲಿ ಬ್ಯಾಗಿನಲ್ಲಿ ಮನೆಗೆ ಹೋಗುವಂತಿಲ್ಲವಲ್ಲ. ಬೆಂಚಿನ ಕೆಳಗೆ ಬ್ಯಾಗುಗಳ ಸಾಲು, ಕೋಣೆಯ ತುಂಬ ಕೊತ್ತಂಬರಿ ಸೊಪ್ಪಿನ ವಾಸನೆ. ಎಂತೆಂಥ ಕಥೆಗಳನ್ನು ಆ ವಾಸನೆಯ ನಡುವೆ ಕೇಳಿದ್ದೇನೆ. ಈಗಲೂ ಕೊತ್ತಂಬರಿ ಹೆಚ್ಚುವಾಗ ಒಮ್ಮೊಮ್ಮೆ ಕೈ ನಿಂತುಬಿಡುತ್ತದೆ.

ನುಗ್ಗೇಹಳ್ಳಿಯಿಂದ ಆಚೆಗಿನ ಒಂದು ಹಳ್ಳಿಯಿಂದ ಬಂದವಳು ಅವಳು. ಮೂವತ್ತೈದರ ಆಸುಪಾಸು ವಯಸ್ಸು. ಮೊದಲ ದಿನ ಬಂದು ಕೂತವಳು ಕಷ್ಟ ಹೇಳುವುದಕ್ಕಿಂತ ಹೆಚ್ಚಾಗಿ ಗೋಡೆಯ ಗಡಿಯಾರ ನೋಡುತ್ತಿದ್ದಳು. ಎರಡು ಮಾತಿಗೊಮ್ಮೆ “ಎಷ್ಟೊತ್ತಾಯ್ತಕ್ಕಾ?” ಎಂದು ಕೇಳುತ್ತಿದ್ದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. “ಏನಮ್ಮ, ರೈಲಿಗೆ ಹೋಗ್ಬೇಕಾ?” ಅಂದೆ.

“ಅಸ ಕರೀಬೇಕು ಕಣಕ್ಕಾ. ನಾನಲ್ದೆ ಇನ್ಯಾರು ಕುಂತ್ರೂ ಕೆಚ್ಚಲು ಮುಟ್ಟುಸ್ಕಳಾಕಿಲ್ಲ ಅದು. ಒದ್ದು ಬಿಸಾಕ್ತದೆ. ಡೈರಿ ಟೇಮಿಗೆ ನಾನು ಮನೇಲಿರ್ಬೇಕು.”

ಅವಳ ಮಾತಿನ ತೂಕ ನನಗೆ ಆಗ ಗೊತ್ತಾಗಲಿಲ್ಲ. ನಮ್ಮ ಕಡೆ ಹಳ್ಳಿಯ ಹೆಂಗಸಿನ ದಿನ ಎಂದರೆ ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಇರುವ ಹೊತ್ತು. ಅಷ್ಟರೊಳಗೆ ಅವಳು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಒಂದು ಸಂಜೆ ಡೈರಿಗೆ ಅವಳ ಮನೆಯ ಹಾಲು ಬರಲಿಲ್ಲ ಎಂದರೆ, ಸಾಲಿನಲ್ಲಿ ಕ್ಯಾನು ಹಿಡಿದು ನಿಂತ ಊರಿಗೆ ಊರೇ ಕೇಳುತ್ತದೆ: ಎಲ್ಲಿ ಹೋದಳು?

ಹಸು ಅವಳ ತವರಿನವರು ಕೊಟ್ಟದ್ದು. ಹಾಲಿನ ದುಡ್ಡು ಹೋಗುತ್ತಿದ್ದದ್ದು ಗಂಡನ ಖಾತೆಗೆ. ಅದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ, ಎಲ್ಲರ ಮನೆಯಲ್ಲೂ ಹಾಗೇ ಅಲ್ಲವೇ ಎನ್ನುವ ಹಾಗೆ ಹೇಳಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಹೊಡೆತ ನಿಲ್ಲಬೇಕು. ಗಂಡನನ್ನು ಬಿಡುವ ಯೋಚನೆ ಇರಲಿಲ್ಲ, ಪೊಲೀಸು ಬೇಡ, ಕೋರ್ಟು ಬೇಡ. “ಕೈ ಎತ್ತದಂಗೆ ಒಂದ್ ಮಾಡ್ಕೊಡಿ, ಮಿಕ್ಕಿದ್ದು ನಾನು ನೋಡ್ಕತೀನಿ” ಅಂದಳು. ತೋಳಿನ ಮೇಲಿನ ಬಾಸುಂಡೆ ತೋರಿಸಿ, ತಕ್ಷಣ ಸೆರಗು ಹೊದ್ದುಕೊಂಡಳು.

ನಾವು ಗಂಡನಿಗೆ ಕಾಗದ ಕಳಿಸಿದೆವು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದ. ಮೊದಲ ಸಲ ನನಗೇ ಸಂಸಾರದ ಪಾಠ ಹೇಳಿದ. ಎರಡನೇ ಸಲಕ್ಕೆ ನಾನು ಬಿಡಲಿಲ್ಲ. ಗಂಡಸರಿಗೆ ಬೈಯುವುದರಲ್ಲಿ ನಾನು ತಾಲ್ಲೂಕಿಗೇ ಹೆಸರುವಾಸಿ, ಅದನ್ನು ನಾನೇ ಹೇಳಿಕೊಂಡರೂ ಸುಳ್ಳಲ್ಲ. ಅರ್ಧ ಗಂಟೆಯಲ್ಲಿ ಆ ಶರ್ಟು ಬೆನ್ನಿಗೆ ಅಂಟಿಕೊಂಡಿತು. ಇನ್ನು ಮೇಲೆ ಕೈ ಎತ್ತುವುದಿಲ್ಲ, ಎತ್ತಿದರೆ ಕೇಂದ್ರದವರು ಮುಂದಿನ ಕ್ರಮ ಜರುಗಿಸಬಹುದು ಎಂದು ಮುಚ್ಚಳಿಕೆ ಬರೆದು ಸಹಿ ಹಾಕಿ ಹೋದ.

ಆಮೇಲಿನ ತಿಂಗಳುಗಳಲ್ಲಿ ಅವಳು ಪ್ರತಿ ಸಂತೆಗೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. “ಈ ವಾರನೂ ಇಲ್ಲ ಕಣಕ್ಕಾ” ಅನ್ನುತ್ತಿದ್ದಳು. ಹೊಡೆಯಲಿಲ್ಲ ಎಂದು ಅರ್ಥ. ನಾನು ಅವಳ ಪುಟ ತೆರೆದು ಒಂದು ಗೀಟು ಹಾಕುತ್ತಿದ್ದೆ. ಒಂದೊಂದು ದಿನ ಕರಿಬೇವಿನ ಕಟ್ಟೊಂದನ್ನು ಹೊಸ್ತಿಲ ಮೇಲೆ ಇಟ್ಟು ಓಡುತ್ತಿದ್ದಳು. ಅವನನ್ನು ತಡೆದದ್ದು ನನ್ನ ಬೈಗುಳವಲ್ಲ, ಪಟ್ಟಣದಲ್ಲಿ ಒಂದು ಬಾಗಿಲಿದೆ, ಹೆಂಡತಿ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಾಳೆ ಎಂಬ ಭಯ. ಆ ಭಯಕ್ಕೆ ಬೇಕಾಗಿದ್ದದ್ದು ಒಂದು ಬೋರ್ಡು, ಒಂದು ಬೆಂಚು ಮತ್ತು ನನ್ನಂಥ ಒಬ್ಬಳು ಜಗಳಗಂಟಿ. ಅಷ್ಟು ಸಾಕಿತ್ತು.

ಅಷ್ಟನ್ನೂ ತೆಗೆದುಹಾಕಿದರು.

ಸುತ್ತೋಲೆ ಬಂದಾಗ ನಾನು ಎರಡು ಸಲ ಓದಿದೆ. ತಾಲ್ಲೂಕು ಕೇಂದ್ರಗಳ ಕೆಲಸವನ್ನು ಹಾಸನದ ಜಿಲ್ಲಾ ಕೇಂದ್ರದಲ್ಲಿ ಸೇರಿಸಲಾಗಿದೆ. ಅಲ್ಲಿ ಡಾಕ್ಟರು, ವಕೀಲರು, ಪೊಲೀಸರು ಎಲ್ಲರೂ ಒಂದೇ ಸೂರಿನಡಿ ಸಿಗುತ್ತಾರೆ. ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿರುವುದರಿಂದ ಹಾಸನಕ್ಕೆ ಹೋಗಿಬರುವುದು ಹೊರೆಯಾಗುವುದಿಲ್ಲ. ಆದ್ದರಿಂದ ತಾಲ್ಲೂಕು ಕೇಂದ್ರಗಳಿಗೆ ಅನುದಾನ ಮುಂದುವರಿಸುವ ಅಗತ್ಯ ಕಂಡುಬಂದಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ಮೊದಲ ಓದಿಗೆ ನನಗೇ ತಪ್ಪು ಕಾಣಲಿಲ್ಲ.

ಫ್ರೀ ಬಸ್ಸಿನ ಬಗ್ಗೆ ಮೂಗು ಮುರಿಯುವವರ ಜೊತೆ ನಾನು ಜಗಳ ಕಾದಿದ್ದೇನೆ. ನನ್ನ ತವರು ಅರಕಲಗೂಡು. ನಮ್ಮ ದೊಡ್ಡಮ್ಮನ ಮಗಳು ಬಸ್ ಚಾರ್ಜಿಗೆ ಗಂಡನ ಮುಂದೆ ಕೈ ಚಾಚಬೇಕಲ್ಲ ಎಂದು ವರ್ಷಗಟ್ಟಲೆ ತವರಿಗೆ ಬಾರದವಳು, ಈಗ ತಿಂಗಳಿಗೆರಡು ಸಲ ತವರಿಗೆ ಹೊರಟು, ದಾರಿಯಲ್ಲಿ ನನ್ನ ಮನೆಗೂ ಬಂದು ತಲೆ ತಿನ್ನುತ್ತಾಳೆ. ಅದನ್ನು ನೋಡಿ ಕಣ್ಣು ತುಂಬಿ ಬಂದದ್ದೂ ಉಂಟು. ಆದರೆ ಬಸ್ಸು ಫ್ರೀ ಮಾಡಿದವರು ಹೊತ್ತನ್ನು ಫ್ರೀ ಮಾಡಲಿಲ್ಲ. ಸಂಜೆಯ ಹಾಲು ಎಷ್ಟು ಗಂಟೆಗೋ ಅಷ್ಟು ಗಂಟೆಗೇ ಇತ್ತು.

ಕೊನೆಯ ಮೀಟಿಂಗಿಗೆ ಮೂವರನ್ನೂ ಹಾಸನಕ್ಕೆ ಕರೆದರು. ಅಧಿಕಾರಿ ಒಳ್ಳೆಯ ಮನುಷ್ಯರೇ, ನಮಗೆ ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಅಂತಿಮ ವರದಿಯಲ್ಲಿ ಬಾಕಿ ಪ್ರಕರಣ ಒಂದೂ ಇರಬಾರದು, ಇದ್ದರೆ ಲೆಕ್ಕ ಮುಗಿಯುವುದಿಲ್ಲ, ಲೆಕ್ಕ ಮುಗಿಯದೆ ನಿಮ್ಮ ಏಳು ತಿಂಗಳ ಗೌರವಧನ ಬಿಡುಗಡೆಯಾಗುವುದಿಲ್ಲ ಎಂದರು. ಪ್ರಕರಣವನ್ನು ಹಾಸನಕ್ಕೆ ವರ್ಗಾಯಿಸಬಹುದಲ್ಲ ಸಾರ್ ಎಂದೆ. ವರ್ಗಾಯಿಸಬಹುದು, ಆದರೆ ಆ ಹೆಂಗಸೇ ಬಂದು ಸಹಿ ಹಾಕಬೇಕು, ಆಧಾರ್ ಕಾರ್ಡಿನ ನಕಲು ಕೊಡಬೇಕು, ಎಲ್ಲ ನಾಲ್ಕು ದಿನದೊಳಗೆ ಆಗಬೇಕು ಎಂದರು. ನಾನು ಬೆರಳು ಮಡಿಚಿ ಎಣಿಸಿದೆ. ಆ ನಾಲ್ಕು ದಿನದಲ್ಲಿ ಸಂತೆ ಬರುತ್ತಿರಲಿಲ್ಲ.

“ಇತ್ಯರ್ಥ ಅಂತ ಬರ್ದಾಕಿ ಅತ್ಲಾಗೆ, ನಾನೂ ಬರ್ದೆ” ಎಂದಳು ಹೊಳೆನರಸೀಪುರದವಳು ಹೊರಗೆ ಬಂದಾಗ. ಅರಕಲಗೂಡಿನವಳು ಅವತ್ತು ಚುರುಮುರಿ ತಿನ್ನಲಿಲ್ಲ.

ನಾನು ರಿಜಿಸ್ಟರನ್ನು ಮನೆಗೆ ತಂದು ಅಡುಗೆಮನೆಯಲ್ಲಿ ಕೂತು ಬರೆದೆ. ‘ಇತ್ಯರ್ಥವಾಗಿದೆ’, ಸಹಿ. ‘ಇತ್ಯರ್ಥವಾಗಿದೆ’, ಸಹಿ. ಅವಳ ಪುಟ ಬಂದಾಗ ಪೆನ್ನು ನಿಂತಿತು. ಪುಟದ ತುಂಬ ನನ್ನ ಗೀಟುಗಳು. ಅವನು ಹೊಡೆಯುತ್ತಿಲ್ಲವಲ್ಲ, ಹಾಗಾದರೆ ಇತ್ಯರ್ಥ ಅಲ್ಲದೆ ಇನ್ನೇನು ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ನನ್ನು ದುಡ್ಡಿಲ್ಲದೆ ಎರಡು ಸಲ ಮುಂದೂಡಿದ್ದೆವು. ಅವರು ಒಳಗಿನಿಂದ ಗೋಡೆ ತಡವಿಕೊಂಡು ಬಂದು, “ಇನ್ನೂ ಬರಿಯೋದು ಮುಗಿಲಿಲ್ವೇನೇ?” ಎಂದರು. ಮುಗಿಯಿತು ಅತ್ತೆ ಎಂದೆ. ಬರೆದೆ. ಹೊಟ್ಟೆಪಾಡಿಗೆ ಬರೆದೆ, ಬೇರೆ ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಬೋರ್ಡು ಇಳಿಸಿದ್ದು ಊರಿಗೆಲ್ಲ ತಿಳಿಯಲು ಎಷ್ಟು ದಿನ ಬೇಕು? ಅವಳ ಗಂಡನೂ ಒಂದು ಸಂತೆಯ ದಿನ ಬಂದು ಬೀಗ ಹಾಕಿದ ಬಾಗಿಲನ್ನು ನೋಡಿಕೊಂಡು ಹೋದನಂತೆ. ಅದಾದ ಕೆಲವೇ ದಿನಕ್ಕೆ ಅವಳು ಪಕ್ಕದ ಮನೆಯಾಕೆಯ ಫೋನಿನಿಂದ ನನಗೆ ಫೋನು ಮಾಡಿದಳು. ದನಿ ತೀರ ತಗ್ಗಿತ್ತು.

“ಮತ್ತೆ ಶುರು ಅಚ್ಕಂಡವ್ನೆ ಕಣಕ್ಕಾ. ನಿಮ್ ಆಪೀಸು ಮುಚ್ಚೋಯ್ತಂತಲ್ಲ, ಈಗ್ಯಾರತ್ರ ಓಗ್ತೀಯಾ ಓಗು ಅಂತಾನೆ. ಏನ್ ಮಾಡ್ಲಿ?”

“ಹಾಸನಕ್ಕೆ ಹೋಗು” ಅಂದೆ. “ಬಸ್ ನಿಲ್ದಾಣದಲ್ಲಿ ಯಾರನ್ನ ಕೇಳಿದ್ರೂ ತೋರಿಸ್ತಾರೆ. ಬಸ್ಸು ಫ್ರೀ ಅಲ್ವಾ, ಬೆಳಿಗ್ಗೆ ಹಾಲು ಕರೆದು ಹೊರಟರೆ ಸಂಜೆ ಹಾಲಿಗೆ ಬರ್ತೀಯಾ.”

“ಅಲ್ಲಿ ನನ್ ಬುಕ್ಕೈತಾ? ನಂದೆಲ್ಲ ಬರ್ದಿರೋದು?”

ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿ ನೆನಪಿತ್ತು. ಹೇಳಲು ನಾಚಿಕೆಯಾಯಿತು.

“ಇರುತ್ತೆ ಕಣಮ್ಮ” ಎಂದೆ.

ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ವಾರವಾದರೂ ಫೋನು ಬಾರದೆ ಇದ್ದಾಗ ನಾನೇ ಪಕ್ಕದ ಮನೆಯಾಕೆಗೆ ಫೋನು ಮಾಡಿದೆ. ಆಕೆ, “ಕೈ ಮುರ್ದಾಕವ್ನೆ” ಎಂದಷ್ಟೇ ಹೇಳಿ, ಯಾರೋ ಬಂದರೆಂದು ಫೋನಿಟ್ಟಳು. ಮಾರನೆಯ ಮಧ್ಯಾಹ್ನ ನಾನು ನುಗ್ಗೇಹಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಮನೆ ಸಿಕ್ಕಿದಾಗ ಹಾಲು ಕರೆಯುವ ಹೊತ್ತು.

ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಅವಳು ನಿಂತಿದ್ದಳು. ಬಲಗೈಗೆ ಮೊಣಕೈವರೆಗೂ ಪಟ್ಟಿ. ಎಡಗೈಯಿಂದ ಹಸುವಿನ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರುತ್ತ ಅದರ ಜೊತೆ ಏನೇನೋ ಮಾತಾಡುತ್ತಿದ್ದಳು. ಹಿಂದೆ ಪಕ್ಕದ ಮನೆಯಾಕೆ ಹೆದರಿ ಹೆದರಿ ಹಾಲು ಕರೆಯುತ್ತಿದ್ದಳು. ಮುಂದೆ ನಿಂತವಳ ದನಿ ತಡೆದರೆ ಹಸು ಕಾಲು ಎತ್ತುತ್ತಿತ್ತು. ನನ್ನನ್ನು ನೋಡಿದವಳು ಮುಖದಲ್ಲಿ ಗುರುತು ತೋರಿಸಲಿಲ್ಲ. ಎದುರು ಜಗಲಿಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಯಾರವ್ವ ಅದು ಎಂದು ಕೂಗಿದಳು. “ಅಸೀಗೆ ಇನ್ಸೂರೆನ್ಸ್ ಮಾಡೋರಂತೆ ಕಣಜ್ಜಿ” ಎಂದು ಇವಳೇ ಉತ್ತರ ಕೊಟ್ಟಳು. ನಾನು ಇನ್ಸೂರೆನ್ಸಿನವಳ ಗತ್ತಿನಲ್ಲಿ ಹಸುವಿನ ಕಿವಿಯ ಬಿಲ್ಲೆ ನೋಡಿದೆ. ಬೇರೆ ದಿನವಾಗಿದ್ದರೆ ನಗು ತಡೆಯುವುದು ಕಷ್ಟವಾಗುತ್ತಿತ್ತು.

ಗಂಡ ಹಿತ್ತಲಲ್ಲಿದ್ದ. ಅವನು ನನ್ನನ್ನು ನೋಡಿದರೆ ಅವಳ ಗತಿ ಏನೆಂದು ನಾನು ಹಸುವಿನ ಮರೆಯಲ್ಲೇ ಕೂತೆ. ಪಕ್ಕದ ಮನೆಯಾಕೆಯೇ ಕ್ಯಾನು ಎತ್ತಿಕೊಂಡು ಹೋಗಿ ಅವನ ಕೈಗೆ ಕೊಟ್ಟಳು. ಅವನು ಡೈರಿಯ ಕಡೆ ಹೋದ ಮೇಲೆ ನಮಗೆ ಸಿಕ್ಕಿದ್ದು ಅವನು ಹಾಲು ಹಾಕಿ ವಾಪಸಾಗುವಷ್ಟು ಹೊತ್ತು.

ಅವಳು ಬಾಯಿ ಬಿಟ್ಟಳು. ಬೆಳಗಿನ ಹಾಲು ಹಾಕಿ ಹೊರಟವಳು ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ಶಾಂತಿಗ್ರಾಮದಲ್ಲಿ ಟ್ರ್ಯಾಕ್ಟರೊಂದು ಅಡ್ಡ ನಿಂತು ತಡವಾಗಿ, ಮಧ್ಯಾಹ್ನದ ಹೊತ್ತಿಗೆ ಹಾಸನ ಸೇರಿದಳಂತೆ. ಅಲ್ಲಿ ಕೆಲಸಕ್ಕೆ ಇದ್ದದ್ದು ಒಬ್ಬಳೇ ಹುಡುಗಿ, ಹೊರಗೆ ಜಿಲ್ಲೆಯ ಮೂಲೆ ಮೂಲೆಯಿಂದ ಬಂದ ಹೆಂಗಸರು. ಹುಡುಗಿ ಒಳ್ಳೆಯವಳೇ, ನೀರು ಕೊಟ್ಟಳಂತೆ. ಇವಳ ಸರದಿ ಬಂದಾಗ ಕಂಪ್ಯೂಟರ್ ನೋಡಿ, ನಿಮ್ಮದು ಮುಗಿದುಹೋಗಿದೆ ಎಂದು ಬಂದಿದೆಯಲ್ಲಮ್ಮ ಎಂದಳಂತೆ. ಗಂಡ ಬರೆದುಕೊಟ್ಟ ಮುಚ್ಚಳಿಕೆ ಲೆಕ್ಕಕ್ಕೆ ಬರುವುದಿಲ್ಲ, ಹೊಸದಾಗಿ ದೂರು ಬರೆಸಬೇಕು. ಹಾಗೆಂದು ಮೊದಲಿನಿಂದ ಎಲ್ಲ ಹೇಳಿಸಿ, ಫಾರಂ ತುಂಬಿಸಿ, ಡಾಕ್ಟರಿಗೆ ತೋರಿಸಿ ಬನ್ನಿ ಎಂದು ಕಳಿಸಿ, ಕೊನೆಗೆ ಹೊಸ ನಂಬರು ಕೊಡುವಾಗ ನಾಲ್ಕು ಗಂಟೆ ದಾಟಿತ್ತು.

“ಎದ್ದು ಬಂದ್ಬುಡನಾ ಅನ್ನುಸ್ತು. ಅಷ್ಟು ದೂರ ಬಂದಿವ್ನಿ, ಇನ್ನೊಂದ್ಸಲ ಬರಾಕಾಗಾಕಿಲ್ಲ ಅಂತ ಕುಂತ್ಕಂಡೆ.”

ಅವಳು ಮನೆ ಸೇರುವಷ್ಟರಲ್ಲಿ ಡೈರಿ ಮುಚ್ಚಿತ್ತು. ಕೆಚ್ಚಲು ಬಿಗಿದು ಹಸು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತಂತೆ. ಗಂಡ ಕರೆಯಲು ಕೂತು, ಜನರ ಮುಂದೆಯೇ ಒದೆಸಿಕೊಂಡು ಬಿದ್ದಿದ್ದ. ಸಂತೆಯಲ್ಲದ ದಿನ ಎಲ್ಲಿಗೆ ಹೋಗಿದ್ದೆ ಎಂದು ಬ್ಯಾಗು ಕಿತ್ತುಕೊಂಡು ಕೊಡವಿದ. ಫ್ರೀ ಟಿಕೆಟ್ಟುಗಳು ಬಿದ್ದವು. ಅದರಲ್ಲಿ ಹಾಸನ ಎಂದು ಅಚ್ಚಾಗಿತ್ತು.

“ಬಿಸಾಕ್ಬಾರ್ದಿತ್ತಾ ಟಿಕೇಟ್ನ?” ಎಂದೆ. ಕೇಳಿದ ಮೇಲೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

“ಸಂತೆಗ್ ಬಂದಾಗೆಲ್ಲ ಬಿಸಾಕ್ತಿದ್ದೆ. ಅವತ್ತು ಅಸಿಂದೇ ಗ್ಯಾನ.”

ಊರ ಹಿರಿಯರು ಮಾರನೆಯ ದಿನ ಅವನನ್ನು ಕೂರಿಸಿಕೊಂಡು ಬೈದರಂತೆ. ಬುದ್ಧಿ ಇಲ್ವೇನ್ಲಾ, ಅವಳ ಕೈ ಮುರಿದರೆ ಹಸು ಕರೆಯುವವರು ಯಾರು, ಹಾಲು ಅರ್ಧಕ್ಕರ್ಧ ಬಿದ್ದುಹೋಯಿತಲ್ಲ ಎಂದು. ಅದಕ್ಕೇ ಈಗ ಸುಮ್ಮನಿದ್ದಾನೆ, ಪಟ್ಟಿ ಬಿಚ್ಚುವವರೆಗೂ ಸುಮ್ಮನಿರುತ್ತಾನೆ ಎಂದಳು. ಪೊಲೀಸಿಗೆ ಹೋಗೋಣ, ನಾನೇ ಬರುತ್ತೇನೆ ಎಂದೆ. ತಲೆ ಅಲ್ಲಾಡಿಸಿದಳು. ಅವಳ ಆಧಾರ್ ಕಾರ್ಡು ಈಗ ಅವನ ಜೇಬಿನಲ್ಲಿತ್ತು. ಅದಿಲ್ಲದೆ ಬಸ್ಸೂ ಫ್ರೀ ಇಲ್ಲ. ಕೈ ಸರಿ ಹೋಗಲಿ, ಆಮೇಲೆ ನೋಡೋಣ ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸುತ್ತೋಲೆ ಬರೆದವರ ಮೇಲೆ, ಆ ಹಿರಿಯರ ಮೇಲೆ, ಇವಳ ಮೇಲೂ. ಆದರೆ ಎಷ್ಟು ಜನರ ಮೇಲೆ ಸಿಟ್ಟು ಮಾಡಿಕೊಂಡರೂ ಆ ಪುಟದಲ್ಲಿದ್ದದ್ದು ನನ್ನ ಸಹಿ.

ಅವಳು ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು. “ಅಲ್ಲಕ್ಕಾ, ನಂದು ಮುಗ್ದೋಗದೆ ಅಂತ ಬರ್ದಿತ್ತಂತಲ್ಲ, ಅದ್ಯಾರು ಬರ್ದೋರು?”

ನಾನು ಸುಳ್ಳು ಹೇಳಬಹುದಿತ್ತು. ಕಂಪ್ಯೂಟರಿನ ಮೇಲೆ ಹಾಕಿಬಿಡಬಹುದಿತ್ತು, ಅವಳು ನಂಬುತ್ತಿದ್ದಳು.

“ನಾನೇ ಬರ್ದೆ ಕಣಮ್ಮ. ಬಾಕಿ ಇದೆ ಅಂತ ಬರ್ದಿದ್ರೆ ನನ್ನ ಸಂಬಳ ಕೊಡ್ತಿರಲಿಲ್ಲ.”

ಅವಳು ಹಸುವಿನ ಕತ್ತು ಸವರಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಕಾದೆ.

“ಬಂತಾ ಸಂಬ್ಳ?”

“ಬಂತು.”

“ಬುಡಿ, ಅಷ್ಟಾದ್ರೂ ಆಯ್ತಲ್ಲ” ಎಂದಳು. ಕುಹಕವೇನೂ ಇರಲಿಲ್ಲ ಆ ದನಿಯಲ್ಲಿ, ಅದೇ ನನ್ನನ್ನು ಕೊಂದದ್ದು. ದೂರದಲ್ಲಿ ಖಾಲಿ ಕ್ಯಾನಿನ ಸದ್ದು ಕೇಳಿಸಿತು. ಅವಳು ನನ್ನನ್ನು ಹಿತ್ತಲ ಕಡೆ ತಳ್ಳುತ್ತ, ಅವಸರದಲ್ಲಿ ಹೇಳಿದಳು.

“ಒಂದ್ ಮಾತು ಯೇಳಿದ್ರೆ ನಾನೇ ಬಂದು ಮುಗೀತು ಅಂತ ಹೆಬ್ಬೆಟ್ಟು ಒತ್ತಿ ಓಗ್ತಿದ್ದೆ ಕಣಕ್ಕಾ. ಆಸ್ನಕ್ ಮಾತ್ರ ಓಗ್ತಿರ್ಲಿಲ್ಲ.”